ಕಪ್ಪಿನಲ್ಲಿ ಕೂರದ ಸೊಪ್ಪು

‘ಕೊತ್ತಂಬರಿ ಸೊಪ್ಪು ಒಂದು ಕಪ್’ ಎಂದು ಬರೆದ ಅಡುಗೆ ಬರಹ ಕಂಡರೆ ನನಗೆ ಮೊದಲು ಹುಟ್ಟುವುದು ಅನುಮಾನ. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಕಂಕನಾಡಿಯಲ್ಲಾಗಲಿ ಸೊಪ್ಪು ಸಿಗುವುದು ಕಟ್ಟಿನ ಲೆಕ್ಕದಲ್ಲಿ, ಸೂಪರ್ ಮಾರ್ಕೆಟಿನಲ್ಲಾದರೆ ಗ್ರಾಂ ಲೆಕ್ಕದ ಪೊಟ್ಟಣದಲ್ಲಿ. ಅದನ್ನು ಯಾವುದೋ ಪಟ್ಟಿ ನೋಡಿ ಕಪ್ಪಿಗೆ ಇಳಿಸುವ ರೂಢಿ ಈಗ ಬಲವಾಗಿದೆ. ಆ ಪಟ್ಟಿಗಳನ್ನು ಯಾರೂ ಪರೀಕ್ಷಿಸಿದಂತಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಆಹಾರ ಕೋಷ್ಟಕವನ್ನೇ ನೋಡಿ. ಅದರಲ್ಲಿ ಕಾಲು ಕಪ್ ಕೊತ್ತಂಬರಿ ಸೊಪ್ಪು 4 ಗ್ರಾಂ, ಅಂದರೆ ಕಪ್ಪಿಗೆ 16. ಹೆಚ್ಚಿದ ಪಾರ್ಸ್ಲಿ ಕಪ್ಪಿಗೆ 60 ಗ್ರಾಂ. ಎರಡೂ ಒಂದೇ ಕುಟುಂಬದ ಗಿಡ, ಎಲೆಯೂ ಹೆಚ್ಚುಕಡಿಮೆ ಅಷ್ಟೇ ತೆಳು. ಹೀಗಿದ್ದೂ ಸುಮಾರು ನಾಲ್ಕು ಪಟ್ಟು ವ್ಯತ್ಯಾಸ! ಇದನ್ನು ಎಲೆಯ ತಲೆಗೆ ಕಟ್ಟಲಾಗದು, ಕಪ್ ತುಂಬಿದ ರೀತಿಗೇ ಕಟ್ಟಬೇಕು. ಬಿಡಿಸಿದ ಎಲೆಯನ್ನು ಕಪ್ಪಿಗೆ ಸುರಿದು ಹೆಬ್ಬೆರಳಿನಿಂದ ಒತ್ತಿ ನೋಡಿ. ತುಂಬಿ ತುಳುಕುತ್ತಿದ್ದದ್ದು ಅರ್ಧಕ್ಕೂ ಕೆಳಗಿಳಿಯುತ್ತದೆ. ಹೆಚ್ಚಿ ಹಾಕಿದರೆ ಇನ್ನೊಂದು ಲೆಕ್ಕ, ದಂಟು ಸೇರಿದರೆ ಮತ್ತೊಂದು. ಆಟಿಯ ಮಳೆಯಲ್ಲಿ ನೆನೆದ ಸೊಪ್ಪನ್ನು ತೂಕಕ್ಕೆ ಕೊಂಡಿರೋ, ನೀರಿಗೂ ದುಡ್ಡು ತೆತ್ತಂತೆಯೇ.

ಮಟ್ಟಸ ಕಪ್ಪಿನ ಶಿಸ್ತನ್ನು 1896ರಲ್ಲಿ ತಮ್ಮ ಪುಸ್ತಕದ ಮೂಲಕ ಮನೆಮಾತಾಗಿಸಿದವರು ಬಾಸ್ಟನ್ನಿನ ಫ್ಯಾನಿ ಫಾರ್ಮರ್. ಹಿಟ್ಟು, ಸಕ್ಕರೆಗೆ ಅದು ಒಗ್ಗುತ್ತದೆ. ನಮ್ಮ ಕಡೆಯ ಕುಡ್ತೆಯೂ ಅಕ್ಕಿಗೆ, ಹಾಲಿಗೆ ಇದ್ದ ಅಳತೆ. ಕುಡ್ತೆಯಲ್ಲಿ ಸೊಪ್ಪು ಅಳೆದವರನ್ನು ನಾನಂತೂ ಕಂಡಿಲ್ಲ. ಪತ್ರೊಡೆಗೆ ಕೆಸುವಿನ ಎಲೆ ಎಣಿಸುತ್ತೇವೆ. ತಂಬುಳಿಗೆ ತಿಮರೆ, ಅಂದರೆ ಒಂದೆಲಗ, ಒಂದು ಹಿಡಿ.

ಹಾಗೆಂದು ಹಿಡಿಯೇ ಶ್ರೇಷ್ಠ ಎನ್ನುವವರ ಜತೆಗೂ ನಾನಿಲ್ಲ. ತಂಬುಳಿಯಲ್ಲಿ ತಿಮರೆ ತುಸು ಹೆಚ್ಚಾದರೆ ತೆಂಗಿನಕಾಯಿ, ಮಜ್ಜಿಗೆ ಸೇರಿ ಸರಿದೂಗಿಸುತ್ತವೆ. ಹಸಿರು ಮಸಾಲೆಗೆ ಆ ಔದಾರ್ಯವಿಲ್ಲ. ಕೊತ್ತಂಬರಿ, ಪುದೀನ, ಹಸಿಮೆಣಸು, ಶುಂಠಿ, ಬೆಳ್ಳುಳ್ಳಿ ಅರೆದು ಕೋಳಿಗೆ ಹಾಕುವಾಗ ಪುದೀನದ ಕೈ ಮೇಲಾಯಿತೆಂದರೆ ಕೊತ್ತಂಬರಿಯ ಸುಳಿವೇ ಇರುವುದಿಲ್ಲ. ನಾಲ್ಕು ಜನರ ಅಡುಗೆಯನ್ನು ನೂರು ಜನರಿಗೆ ಹಿಗ್ಗಿಸುವಾಗ ಹಿಡಿಯ ಲೆಕ್ಕ ಕೈಕೊಡುತ್ತದೆ; ಅಲ್ಲಿ ತಕ್ಕಡಿಯೇ ಗತಿ. ಚಿಕ್ಕ ಪ್ರಮಾಣಕ್ಕೆ ಬಂದರೆ ತಕ್ಕಡಿಯೂ ದಡ್ಡ. ಒಂದು ಗ್ರಾಮಿಗಿಂತ ಕಡಿಮೆ ತೋರಿಸದ ಅಡುಗೆ ತಕ್ಕಡಿಯಲ್ಲಿ ನಾಲ್ಕು ಗ್ರಾಂ ಸೊಪ್ಪು ತೂಗಿ ಏನು ಪ್ರಯೋಜನ? ಸಾಂಬ್ರಾಣಿ (ದೊಡ್ಡಪತ್ರೆ) ಎಲೆ ಹತ್ತೋ ಹನ್ನೆರಡೋ ಎಂದು ಬರೆದರೆ ಸಾಕು.

ತೂಕವನ್ನು ಕಪ್ಪಿಗೆ ಇಳಿಸುವ ಈ ಪರಿವರ್ತನೆ ನಿಜಕ್ಕೂ ಬೇಕಾದದ್ದು ಅಂಗಳದಿಂದ ಕಿತ್ತು ತರುವವರಿಗಲ್ಲ. ದುಬೈಯಲ್ಲೋ ಕುವೈತಿನಲ್ಲೋ ಪೊಟ್ಟಣದ ಸೊಪ್ಪು ಹಿಡಿದು ಊರಿನ ರುಚಿ ಹುಡುಕುವವರಿಗೆ. ಅವರನ್ನೇ ದಾರಿ ತಪ್ಪಿಸಬಾರದು. ಅಡುಗೆ ಬರೆಯುವವರಲ್ಲಿ ಕೇಳಿಕೊಳ್ಳುವುದಿಷ್ಟೇ: ಬೇರು, ಬಲಿತ ದಂಟು ತೆಗೆದು, ತೊಳೆದು, ನೀರು ಸೋರಿಸಿದ ಸೊಪ್ಪಿನ ತೂಕ ಕೊಡಿ. ಕಪ್ ಬರೆಯಲೇಬೇಕಿದ್ದರೆ ಸಡಿಲವೋ, ಒತ್ತಿದ್ದೋ, ಹೆಚ್ಚಿದ್ದೋ ಎಂದು ಪಕ್ಕದಲ್ಲೇ ಹೇಳಿಬಿಡಿ. ಕಪ್ 240 ಮಿಲಿಯದೋ 250ರದೋ ಎಂಬ ಚರ್ಚೆಯನ್ನು ಬೇಕಾದರೆ ಬಿಟ್ಟುಬಿಡಿ. ಸೊಪ್ಪಿನ ಮಟ್ಟಿಗೆ ಆ ಹತ್ತು ಮಿಲಿಯಿಂದ ಏನೂ ಕೆಡುವುದಿಲ್ಲ.