ಮೆನು ಎಲ್ಲಿ ಮಡಚಬೇಕು?

ಋಷಿಕೊಂಡದ ಗುಡ್ಡಗಳ ಮೇಲೆ ಐಟಿ ಕಚೇರಿಗಳು, ಕೆಳಗೆ ಕಡಲು. 2020ರ ಅಕ್ಟೋಬರಿನಲ್ಲಿ ಭಾರತದ ಎಂಟು ತೀರಗಳಿಗೆ ಶುಚಿತ್ವ, ಸುರಕ್ಷತೆಗಾಗಿ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಾಗ ವಿಶಾಖಪಟ್ಟಣದ ಈ ತೀರದ ಜೊತೆಗೆ ನಮ್ಮ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ತೀರಗಳೂ ಪಟ್ಟಿಯಲ್ಲಿದ್ದವು. ವೆಬ್‌ಸೈಟಿನ ಮೆನುವನ್ನು ಒರೆಗೆ ಹಚ್ಚಲು ಇಂಥ ಜಾಗವೇ ಸರಿ. ಗುಡ್ಡದ ಮೇಲೆ ಅದನ್ನು ಕಟ್ಟುವವರ ಮುಂದೆ ಅಗಲವಾದ ಮಾನಿಟರ್ ಇರುತ್ತದೆ. ಮರಳಿನ ಮೇಲೆ ನಿಂತವರ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಫೋನು, ಪರದೆಯ ಮೇಲೆ ಉರಿಬಿಸಿಲು. ತೀರ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದಷ್ಟೇ ಅವರಿಗೆ ಬೇಕು.

ಇಬ್ಬರಿಗೂ ಒಂದೇ ಪುಟ ಸಾಕು ಎಂದು ದಾರಿ ತೋರಿಸಿದವರು ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್. 2010ರ ಮೇ ತಿಂಗಳಲ್ಲಿ ಬಂದ ಅವರ ಲೇಖನ ಹಿಗ್ಗಿ ಕುಗ್ಗುವ ವಿನ್ಯಾಸ, ಅದಕ್ಕೆ ತಕ್ಕಂತೆ ಬದಲಾಗುವ ಚಿತ್ರ ಮತ್ತು ಪರದೆಯ ಅಗಲ ನೋಡಿ ನಿಯಮ ಬದಲಿಸುವ ಮೀಡಿಯಾ ಕ್ವೆರಿ, ಈ ಮೂರನ್ನು ಒಟ್ಟುಗೂಡಿಸಿತು. ಆ ಚಿಂತನೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ. ನನ್ನ ತಕರಾರು ಇರುವುದು ಆಮೇಲೆ ಬೆಳೆದ ರೂಢಿಯ ಮೇಲೆ.

ರೂಢಿ ಸರಳವಾಗಿದೆ. 2011ರಲ್ಲಿ ಟ್ವಿಟರ್ ಹೊರತಂದ ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಕೋಡ್ ಸಂಗ್ರಹದ ಮೆನು ತುಣುಕನ್ನು ನಕಲು ಮಾಡಿಕೊಳ್ಳುವುದು. ಇಂದಿನ ಆವೃತ್ತಿಯ ಮಾದರಿಯಲ್ಲಿರುವಂತೆ 992 ಪಿಕ್ಸೆಲ್‌ಗಿಂತ ಕಿರಿದಾದ ಪರದೆಯಲ್ಲಿ ಎಲ್ಲವನ್ನೂ ಮೂರು ಗೆರೆಯ ಗುಂಡಿಯೊಳಕ್ಕೆ ತಳ್ಳುವುದು. 992 ಎಂಬ ಅಂಕೆಗೂ ನಿಮ್ಮ ಮೆನುವಿನಲ್ಲಿರುವ ಪದಗಳಿಗೂ ಯಾವ ಸಂಬಂಧವೂ ಇಲ್ಲ. ನಾಲ್ಕೇ ಕೊಂಡಿಗಳಿರುವ ಸೈಟು ಟ್ಯಾಬ್ಲೆಟ್‌ನಲ್ಲಿ ಧಾರಾಳವಾಗಿ ಜಾಗವಿದ್ದರೂ ಅವನ್ನು ಬಚ್ಚಿಡುತ್ತದೆ. ಒಂಬತ್ತು ಕೊಂಡಿಗಳಿರುವ ಸೈಟಿನ ಮೆನು ಸಾವಿರ ಪಿಕ್ಸೆಲ್ ಅಗಲದಲ್ಲಿ ಎರಡು ಸಾಲಾಗಿ ಒಡೆದು ಶೀರ್ಷಿಕೆಯ ಮೇಲೆ ಬೀಳುತ್ತದೆ. ಒಂದೇ ಅಂಕೆ ಎರಡೂ ಕಡೆ ಕೆಡಿಸುತ್ತದೆ.

ಕನ್ನಡ, ತೆಲುಗಿನಲ್ಲಿ ಈ ಪೆಟ್ಟು ಹೆಚ್ಚು. 'ನ್ಯೂಸ್', 'ಹೋಮ್' ಎಂಬ ಇಂಗ್ಲಿಷ್ ಪದಗಳಿಗೆ ಅಳೆದ ಪಟ್ಟಿಯಲ್ಲಿ 'ಅಧಿಸೂಚನೆಗಳು', 'ಪ್ರವಾಸೋದ್ಯಮ' ಕೂರುವುದಿಲ್ಲ. ಅಗಲದಷ್ಟೇ ಎತ್ತರದ ಕಷ್ಟವೂ ಇದೆ. 'ರಾಷ್ಟ್ರೀಯ' ಎಂದು ಬರೆದರೆ ಒತ್ತುಗಳು ಸಾಲಿನ ಕೆಳಕ್ಕೆ ಇಳಿಯುತ್ತವೆ. ಪಟ್ಟಿಯ ಎತ್ತರವನ್ನು ಬಿಗಿಮಾಡಿ, ಹೊರಚಾಚಿದ್ದನ್ನು ಮರೆಮಾಡುವ ಸಿಎಸ್‌ಎಸ್ ನಿಯಮ ಹಾಕಿದ್ದರೆ ಒತ್ತಿನ ಕಾಲು ಕತ್ತರಿಸಿ ಹೋಗುತ್ತದೆ. ಇಂಗ್ಲಿಷಿನಲ್ಲಿ ಕಟ್ಟಿ ಮುಗಿಸಿ, ಕೊನೆಯ ವಾರದಲ್ಲಿ ಭಾಷೆ ತುಂಬುವ ಕ್ರಮದ ಫಲ ಇದು. ಅತಿ ಉದ್ದನೆಯ ಕನ್ನಡ ಪದವನ್ನು ಮೊದಲ ದಿನವೇ ಮೆನುವಿನಲ್ಲಿ ಕೂರಿಸಿ ನೋಡಿದರೆ ಈ ದೋಷ ಉಳಿಯುವುದೇ ಇಲ್ಲ.

ಇನ್ನು ಹ್ಯಾಂಬರ್ಗರ್ ಎಂದು ಕರೆಯುವ ಆ ಮೂರು ಗೆರೆ. 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬರೆದ ಚಿಹ್ನೆ ಅದು. ಒಳಗೊಂದು ಪಟ್ಟಿಯಿದೆ ಎಂದು ಸೂಚಿಸುವ ಸೊಗಸಾದ ಕೆಲಸ. ಆದರೆ ಬಚ್ಚಿಟ್ಟ ಮೆನುವನ್ನು ಜನ ಕಡಿಮೆ ಬಳಸುತ್ತಾರೆ, ಬಳಸಿದರೂ ತಡವಾಗಿ ಬಳಸುತ್ತಾರೆ ಎಂದು ಬಳಕೆದಾರರ ಅನುಭವವನ್ನು ಅಧ್ಯಯನ ಮಾಡುವ ಸಂಸ್ಥೆ ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲೇ ತೋರಿಸಿತು. ಸರ್ಕಾರಿ ಸೇವೆ ಹುಡುಕಿಕೊಂಡು ಬಂದ ಹಿರಿಯರಿಗೆ ಕಾಣದ ಕೊಂಡಿ ಇಲ್ಲದ ಕೊಂಡಿಯೇ. ಗೆರೆಗಳ ಪಕ್ಕದಲ್ಲಿ 'ಮೆನು' ಎಂದು ಬರೆಯಲು ಯಾರ ಅನುಮತಿಯೂ ಬೇಕಿಲ್ಲ, ಆದರೂ ಬರೆಯುವವರು ಕಡಿಮೆ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ.

ನಾನು ಮೆಚ್ಚುವ ಕ್ರಮ ಬೇರೆ. ಮುಖ್ಯವಾದ ಮೂರು ನಾಲ್ಕು ಕೊಂಡಿಗಳು ಎಷ್ಟೇ ಕಿರಿದಾದ ಪರದೆಯಲ್ಲೂ ಕಾಣುತ್ತಿರಬೇಕು. ಜಾಗ ಮುಗಿದಂತೆ ಉಳಿದವು ಒಂದೊಂದಾಗಿ 'ಇನ್ನಷ್ಟು' ಎಂಬ ಗುಂಡಿಯೊಳಗೆ ಸರಿಯಬೇಕು. ಪಟ್ಟಿಯ ಅಗಲ ಬದಲಾದಾಗಲೆಲ್ಲ ಬ್ರೌಸರ್‌ನ ರಿಸೈಜ್ ಅಬ್ಸರ್ವರ್ ಸುದ್ದಿ ಮುಟ್ಟಿಸುತ್ತದೆ, ಆಗ ಯಾವ ಕೊಂಡಿ ಹಿಡಿಸುತ್ತದೆ ಎಂದು ಅಳೆದರೆ ಸಾಕು. ಜಾವಾಸ್ಕ್ರಿಪ್ಟ್ ಬೇಡವೆನ್ನುವವರು ಸಿಎಸ್‌ಎಸ್‌ನ ಫ್ಲೆಕ್ಸ್‌ಬಾಕ್ಸ್‌ನಿಂದ ಕೊಂಡಿಗಳನ್ನು ಎರಡನೇ ಸಾಲಿಗೆ ಇಳಿಯಲು ಬಿಡಬಹುದು. ನೋಟ ಅಷ್ಟು ಚೊಕ್ಕವಲ್ಲ, ಆದರೆ ಏನೂ ಕಳೆದುಹೋಗುವುದಿಲ್ಲ. ಇದಕ್ಕೆಲ್ಲ ಮೊದಲು ಯಾವ ನಾಲ್ಕು ಮುಖ್ಯ ಎಂದು ಯಾರಾದರೂ ನಿರ್ಧರಿಸಬೇಕು. ಹ್ಯಾಂಬರ್ಗರ್ ಇಷ್ಟು ಜನಪ್ರಿಯವಾಗಿರುವುದು ಆ ಜಗಳವನ್ನು ಅದು ತಪ್ಪಿಸುತ್ತದೆ ಎಂಬ ಕಾರಣಕ್ಕೇ. ಪ್ರತಿ ವಿಭಾಗಕ್ಕೂ ತನ್ನ ಕೊಂಡಿ ಬೇಕು, ಗುಂಡಿಯೊಳಗೆ ಎಲ್ಲರಿಗೂ ಜಾಗವಿದೆ.

ಕೊಂಡಿ ಕಂಡರಷ್ಟೇ ಸಾಲದು, ಕೈಗೂ ಸಿಗಬೇಕು. ಮೌಸನ್ನು ಮೇಲೆ ತಂದಾಗ ಮಾತ್ರ ತೆರೆಯುವ ಉಪಮೆನು ಬೆರಳಿಗೆ ದಕ್ಕುವುದಿಲ್ಲ. ಮೆನು ತೆರೆಯುವ ಗುಂಡಿ ಎಚ್‌ಟಿಎಂಎಲ್‌ನ ನಿಜವಾದ ಬಟನ್ ಆಗಿರಬೇಕು. ತೆರೆದಿದೆಯೋ ಮುಚ್ಚಿದೆಯೋ ಎಂಬುದು ಸ್ಕ್ರೀನ್ ರೀಡರ್‌ಗೆ ತಿಳಿಯಬೇಕು, ಎಸ್ಕೇಪ್ ಒತ್ತಿದರೆ ಮುಚ್ಚಬೇಕು. ಎಲ್ಲರಿಗೂ ವೆಬ್ ದಕ್ಕಲೆಂದು ಮಾಡಿದ 2023ರ ಮಾರ್ಗಸೂಚಿ ಡಬ್ಲ್ಯುಸಿಎಜಿ 2.2 ಒತ್ತುವ ಜಾಗಕ್ಕೆ ಕನಿಷ್ಠ 24 ಪಿಕ್ಸೆಲ್ ಕೇಳುತ್ತದೆ. ಒದ್ದೆ ಕೈಯಲ್ಲಿ ಫೋನ್ ಹಿಡಿದವರಿಗೆ ಅದು ಸಾಲದು. ಆಪಲ್ ಹೇಳುವ 44, ಗೂಗಲ್ ಹೇಳುವ 48 ಹೆಚ್ಚು ವಾಸ್ತವ.

ಸಣ್ಣ ಪರದೆ ಎಂದರೆ ಫೋನ್ ಎಂದೇ ಎಣಿಸುವುದೂ ತಪ್ಪು. ಕಣ್ಣು ಮಂಜಾದವರು 1280 ಪಿಕ್ಸೆಲ್ ಅಗಲದ ಲ್ಯಾಪ್‌ಟಾಪಿನಲ್ಲಿ ಪುಟವನ್ನು ಶೇಕಡಾ 400ಕ್ಕೆ ಹಿಗ್ಗಿಸಿದರೆ ಬ್ರೌಸರ್‌ನ ಲೆಕ್ಕಕ್ಕೆ ಉಳಿಯುವುದು 320 ಪಿಕ್ಸೆಲ್ ಮಾತ್ರ. ಮೇಜಿನ ಮುಂದೆ, ಕೀಲಿಮಣೆಯ ಮೇಲೆ ಕೈಯಿಟ್ಟು ಕೂತ ಅವರಿಗೂ ಆಗ ಸಿಗುವುದು ಬೆರಳಿಗೆಂದು ಮಾಡಿದ ಅದೇ ಮೆನು. ಟ್ಯಾಬ್ ಕೀಲಿ ಒತ್ತುತ್ತಾ ಹೋದರೆ ಅದರ ಎಲ್ಲ ಕೊಂಡಿಗಳೂ ಸಿಗುತ್ತವೆಯೇ ಎಂದು ಪರೀಕ್ಷಿಸಲು ಗುಡ್ಡದ ಮೇಲಿನ ಕಚೇರಿಯಲ್ಲಿ ಎರಡು ನಿಮಿಷ ಸಾಕು.