ರಾಣಿಯ ಮಾತು: ಇಂಗ್ಲಿಷ್ ತರಗತಿಯಲ್ಲಿ ‘ನಾಗಮಂಡಲ’

ಕರ್ನಾಟಕದ ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಕನ್ನಡದ ಕೃತಿಯೊಂದು ವಿದ್ಯಾರ್ಥಿಯ ಕೈಸೇರುವುದು ಬಹುಮಟ್ಟಿಗೆ ಇಂಗ್ಲಿಷ್ ವಿಭಾಗದ ಮೂಲಕ. ಗಿರೀಶ ಕಾರ್ನಾಡರ ‘ತುಘಲಕ್’, ‘ಹಯವದನ’, ‘ನಾಗಮಂಡಲ’ ನಾಟಕಗಳನ್ನೂ, ಎ.ಕೆ. ರಾಮಾನುಜನ್ ಅವರು 1976ರಲ್ಲಿ ಇಂಗ್ಲಿಷಿಗೆ ತಂದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನೂ ಮರಾಠಿ, ತಮಿಳು, ತೆಲುಗು, ಹಿಂದಿ ಮನೆಮಾತಿನ ಎಷ್ಟೋ ವಿದ್ಯಾರ್ಥಿಗಳು ಇಂಗ್ಲಿಷ್ ಪಠ್ಯಗಳೆಂದೇ ಬಲ್ಲರು. ಈ ಸಂಗತಿಯನ್ನು ನಾವು ಸಾಮಾನ್ಯವಾಗಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ತರಗತಿಯಲ್ಲಿ ಕೃತಿಗೆ ಏನಾಗುತ್ತದೆ, ಕಲಿಯುವವನ ಇಂಗ್ಲಿಷಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಕೇಳಿಕೊಂಡದ್ದು ಕಡಿಮೆ. ‘ನಾಗಮಂಡಲ’ವನ್ನು ಮುಂದಿಟ್ಟುಕೊಂಡು ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇವೆರಡೂ ವಾಸ್ತವವಾಗಿ ಒಂದೇ ಪ್ರಶ್ನೆ ಎಂಬುದು ನಮ್ಮ ವಾದ.

ಸಾಹಿತ್ಯದ ಮೂಲಕ ಇಂಗ್ಲಿಷ್ ಕಲಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. 1835ರ ಮೆಕಾಲೆಯ ಟಿಪ್ಪಣಿಗಿಂತ ಮೊದಲೇ, 1817ರಲ್ಲಿ ಆರಂಭವಾದ ಕಲ್ಕತ್ತೆಯ ಹಿಂದೂ ಕಾಲೇಜಿನಲ್ಲಿ ಅದು ಬೇರುಬಿಟ್ಟಿತ್ತು. ಇಂಗ್ಲಿಷ್ ಸಾಹಿತ್ಯವು ಅಧ್ಯಯನದ ವಿಷಯವಾಗಿ ರೂಪುಗೊಂಡದ್ದರಲ್ಲಿ ವಸಾಹತು ಆಡಳಿತದ ಅಗತ್ಯಗಳು ಹೇಗೆ ಕೆಲಸ ಮಾಡಿದವೆಂಬುದನ್ನು ಗೌರಿ ವಿಶ್ವನಾಥನ್ ಅವರು 1989ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಆ ಚರಿತ್ರೆಯಲ್ಲಿ ನಾಟಕದ ಎಳೆಯೊಂದು ಬೇರೆಯಾಗಿಯೇ ಹರಿದಿದೆ. 1848ರಲ್ಲಿ ಕಲ್ಕತ್ತೆಯ ಸಾನ್ ಸೂಸಿ ರಂಗಮಂದಿರದಲ್ಲಿ ವೈಷ್ಣವಚರಣ ಆಢ್ಯರೆಂಬ ಬಂಗಾಳಿ ನಟರು ಒಥೆಲೊ ಪಾತ್ರ ವಹಿಸಿದರು. ಆಳುವವರ ಭಾಷೆಯನ್ನು ಅವರೆದುರಿಗೇ ರಂಗದ ಮೇಲೆ ಆಡಿ ತೋರಿಸುವುದು ಪಾಠ ಒಪ್ಪಿಸುವುದಕ್ಕಿಂತ ಬೇರೆ ಬಗೆಯ ಕಲಿಕೆ. ಆದರೆ ತರಗತಿಯಲ್ಲಿ ಬೇರೂರಿ ನಿಂತದ್ದು ಒಪ್ಪಿಸುವ ಕ್ರಮ. ಸಂದರ್ಭ ಸಹಿತ ವಿವರಣೆ, ಪಾತ್ರಚಿತ್ರಣ, ಸಾರಾಂಶ, ಮಾರುಕಟ್ಟೆಯ ಗೈಡು: ನಾಟಕ ಇವುಗಳ ನಡುವೆ ಮಾತು ಕಳೆದುಕೊಂಡಿತು. ಉರು ಹೊಡೆಯುವ ಈ ವಿದ್ಯೆಯ ಟೊಳ್ಳನ್ನು ಕೈಲಾಸಂ 1918ರಷ್ಟು ಹಿಂದೆಯೇ ‘ಟೊಳ್ಳುಗಟ್ಟಿ’ಯಲ್ಲಿ ಬಯಲಿಗೆಳೆದಿದ್ದರು. ಪರೀಕ್ಷೆಯನ್ನು ಗೇಲಿ ಮಾಡಿದ ಆ ನಾಟಕವೂ ಮುಂದೆ ಪರೀಕ್ಷೆಯ ಪ್ರಶ್ನೆಯಾದದ್ದು ನಮ್ಮ ಶಿಕ್ಷಣದ ವ್ಯಂಗ್ಯ.

ಎಪ್ಪತ್ತರ ದಶಕದಿಂದೀಚೆಗೆ ಭಾಷಾಬೋಧನೆಯ ಚಿಂತನೆ ಬದಲಾಯಿತು. ಭಾಷೆಯ ನಿಯಮಗಳನ್ನು ಬಲ್ಲವನು ಸಂದರ್ಭಕ್ಕೆ ತಕ್ಕಂತೆ ಮಾತಾಡಬಲ್ಲವನೂ ಆಗಿರಬೇಕೆಂದೇನಿಲ್ಲ ಎಂಬ ಅಂತರವನ್ನು ವಿಡೋಸನ್ 1978ರಲ್ಲಿ ಸ್ಪಷ್ಟಪಡಿಸಿದರು. ಅದೇ ವರ್ಷ ಮೇಲಿ ಮತ್ತು ಡಫ್ ಅವರ ಪುಸ್ತಕ ಅಭಿನಯದ ತಂತ್ರಗಳನ್ನು ಭಾಷಾ ತರಗತಿಗೆ ಒದಗಿಸಿತು. ನಮ್ಮ ನೆಲದಲ್ಲೇ, 1979ರಿಂದ 1984ರವರೆಗೆ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ಕೇಂದ್ರವಾಗಿಸಿಕೊಂಡು ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ಲೋಕದ ಗಮನ ಸೆಳೆಯಿತು. ವ್ಯಾಕರಣವನ್ನು ಪಾಠವಾಗಿ ಹೇಳದೆ, ನಕಾಶೆ, ವೇಳಾಪಟ್ಟಿಗಳಂಥ ಸಾಮಗ್ರಿಯಿಂದ ಸಮಸ್ಯೆಗಳನ್ನು ಒಡ್ಡಿ, ಅರ್ಥದ ಕಡೆ ಮನಸ್ಸು ನೆಟ್ಟಾಗ ಭಾಷೆ ತಾನಾಗಿ ಕೂಡಿಬರುತ್ತದೆ ಎಂಬುದು ಅದರ ತಳಹದಿ. ಆದರೆ ನಕಾಶೆಯ ದಾರಿ ತಪ್ಪಿದರೆ ಯಾರಿಗೂ ನೋವಾಗದು. ಮನುಷ್ಯರು ಮಾತಾಡುವುದು ಪರಸ್ಪರ ಸಂಬಂಧಗಳ ಒಳಗೆ ನಿಂತು. ಆಡಿದ ಮಾತಿಗೆ ಬೆಲೆ ತೆರಬೇಕಾದ ಸನ್ನಿವೇಶವನ್ನು ಒದಗಿಸಬಲ್ಲದ್ದು ನಾಟಕ. ಇಲ್ಲಿ ‘ನಾಗಮಂಡಲ’ ನಮ್ಮ ನೆರವಿಗೆ ಬರುತ್ತದೆ.

ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಆಧರಿಸಿ ಕಾರ್ನಾಡರು ಬರೆದ ಈ ನಾಟಕದ ಇಂಗ್ಲಿಷ್ ರೂಪ 1990ರಲ್ಲಿ ಪ್ರಕಟವಾಯಿತು. ಗೈಡುಗಳು ಇದನ್ನು ಪುರುಷಪ್ರಧಾನ ವ್ಯವಸ್ಥೆ, ಮಾಂತ್ರಿಕ ವಾಸ್ತವ, ಭಾರತೀಯತೆ ಎಂಬ ಮೂರು ಶೀರ್ಷಿಕೆಗಳಲ್ಲಿ ಮುಗಿಸುತ್ತವೆ. ನಾಟಕವನ್ನು ಇನ್ನೊಂದು ದಿಕ್ಕಿನಿಂದ ನೋಡಬಹುದು: ಇದು ಹೆಣ್ಣೊಬ್ಬಳು ಮಾತು ಕಲಿಯುವ ಕಥೆ.

ಮದುವೆಯಾಗಿ ಬಂದ ರಾಣಿಯನ್ನು ಅಪ್ಪಣ್ಣ ಮನೆಯೊಳಗಿಟ್ಟು ಬೀಗ ಹಾಕುತ್ತಾನೆ. ಅವನು ಹಗಲಲ್ಲಿ ಬಂದು, ಉಂಡು, ಹೋಗುವವನು. ಅವನ ಮಾತೆಲ್ಲ ಅಪ್ಪಣೆ. ಅಪ್ಪಣೆಗೆ ಉತ್ತರ ಬೇಕಿಲ್ಲವಾದ್ದರಿಂದ ರಾಣಿಯ ಮಾತು ಸ್ವಗತಕ್ಕೆ, ಕನವರಿಕೆಗೆ, ತವರಿನ ಹಂಬಲಕ್ಕೆ ಸರಿಯುತ್ತದೆ. ಕುರುಡವ್ವ ಬಂದಾಗ ಅವಳಿಗೆ ಮೊದಲ ಕೇಳುಗಳು ಸಿಗುತ್ತಾಳೆ. ರಾತ್ರಿ ಅಪ್ಪಣ್ಣನ ರೂಪದಲ್ಲಿ ಬರುವ ನಾಗ ಅವಳ ತಂದೆತಾಯಿಯರ ವಿಚಾರ ಕೇಳುತ್ತಾನೆ, ಹೇಳಿದ್ದನ್ನು ಆಲಿಸುತ್ತಾನೆ. ರಾಣಿಯ ವಾಕ್ಯಗಳು ಉದ್ದವಾಗತೊಡಗುತ್ತವೆ. ಆದರೆ ಕಾರ್ನಾಡರು ನಾಗನನ್ನು ಸುಲಭವಾದ ಆದರ್ಶವಾಗಿಸಿಲ್ಲ. ಹಗಲು ರಾತ್ರಿಗಳ ವ್ಯತ್ಯಾಸವನ್ನು ಪ್ರಶ್ನಿಸಕೂಡದೆಂಬ ಕಟ್ಟು ಅವನದೂ ಉಂಟು. ಒಲಿದವನ ಎದುರೂ ಅವಳ ಮಾತು ಅರ್ಧವೇ. ಅದು ಪೂರ್ಣವಾಗುವುದು ಹುತ್ತದ ಬಳಿ, ಊರ ಹಿರಿಯರ ಮುಂದೆ, ಬಸುರಿಯಾದ ಅವಳು ಹಾವನ್ನು ಕೈಯಲ್ಲಿ ಹಿಡಿದು ಪ್ರಮಾಣ ಮಾಡುವಾಗ. ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ತಾನು ಮುಟ್ಟಿಲ್ಲವೆಂಬ ಅವಳ ಮಾತು ಅಕ್ಷರಶಃ ಸತ್ಯ. ಊರು ಅದನ್ನು ಅರ್ಥಮಾಡಿಕೊಂಡ ಬಗೆ ಮಾತ್ರ ಬೇರೆ. ಹೇಳಿದ ರಾಣಿಗೂ ಆಗ ಅದರ ಪೂರ್ತಿ ಅರ್ಥ ತಿಳಿದಿರಲಿಲ್ಲ. ಒಂದೇ ವಾಕ್ಯ, ಮೂವರು ಗ್ರಾಹಕರು, ಮೂರು ಅರ್ಥ. ಸುಳ್ಳು ಎಲ್ಲಿಯೂ ಇಲ್ಲ. ನಿಘಂಟಿನ ಅರ್ಥಕ್ಕೂ ಸಂದರ್ಭದ ಅರ್ಥಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ಬೋಧಿಸುವ ಪಾಠವನ್ನು ಯಾವ ವ್ಯಾಕರಣ ಪುಸ್ತಕದಲ್ಲಿಯೂ ನಾವು ಕಂಡಿಲ್ಲ.

ಈ ಓದು ತರಗತಿಗೆ ನೇರವಾಗಿ ಅನ್ವಯಿಸುತ್ತದೆ. ಟಿಪ್ಪಣಿ ಬರೆಸುವ ತರಗತಿ ಅಪ್ಪಣ್ಣನ ಮನೆ: ಅಲ್ಲಿ ಇಂಗ್ಲಿಷ್ ಅಪ್ಪಣೆಯಾಗಿ ಬರುತ್ತದೆ, ಮೌನವಾಗಿ ಸ್ವೀಕೃತವಾಗುತ್ತದೆ. ಆಟ, ಚಟುವಟಿಕೆಗಳ ಹೊಸ ತರಗತಿ ಅದಕ್ಕಿಂತ ಮೇಲು. ಆದರೆ ಪಠ್ಯವನ್ನು ಪ್ರಶ್ನಿಸುವ ಅವಕಾಶ ಕೊಡದಿದ್ದರೆ ಅದು ನಾಗನ ರಾತ್ರಿಯಷ್ಟೇ. ಹೇಳಿದ ಮಾತಿಗೆ ತಾನೇ ಹೊಣೆಯಾಗಿ ಹತ್ತು ಜನರೆದುರು ನಿಲ್ಲುವ ಘಳಿಗೆ ಬರದೆ ಕಲಿತ ಭಾಷೆ ಸ್ವಂತವಾಗುವುದಿಲ್ಲ.

ಹಾಗಾದರೆ ಮೂಲ ಕನ್ನಡಕ್ಕೆ ಇಲ್ಲಿ ಏನು ಕೆಲಸ? ಇಂಗ್ಲಿಷ್ ರೂಪ ಕಾರ್ನಾಡರದೇ ಕೈಬರಹ, ಅದೂ ಒಂದು ಮೂಲವೇ ಎಂಬ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಕಾಣಿಸದೆ ಹೋಗುವುದನ್ನು ಗುರುತಿಸಬೇಕು. ಯಾವುದಾದರೊಂದು ಸಾಧಾರಣ ಹೆಸರು ಸಾಕೆಂದು ನಾಟಕ ಗಂಡನಿಗೆ ಇಟ್ಟ ಹೆಸರು ಅಪ್ಪಣ್ಣ. ಕನ್ನಡದ ಕಿವಿಗೆ ಅದರಲ್ಲಿ ‘ಅಪ್ಪ’ನೂ ‘ಅಣ್ಣ’ನೂ ಕೇಳಿಸುತ್ತಾರೆ. ಹೆಣ್ಣಿನ ಮೇಲೆ ಅಧಿಕಾರವಿರುವ ತವರಿನ ಇಬ್ಬರು ಗಂಡಸರು ಗಂಡನ ಹೆಸರಿನಲ್ಲಿಯೇ ಕೂತಿದ್ದಾರೆ. ಕುರುಡವ್ವನಲ್ಲಿ ಅವ್ವನಿದ್ದಾಳೆ. ಇಂಗ್ಲಿಷಿನಲ್ಲಿ ಇವು ಬರಿಯ ಅಂಕಿತನಾಮಗಳು. ಇನ್ನೂ ಮುಖ್ಯವಾದದ್ದು ಸಂಬೋಧನೆ. ನಾಟಕ ಚಿತ್ರಿಸುವಂಥ ಮನೆಗಳಲ್ಲಿ ಗಂಡ ಹೆಂಡತಿಗೆ ‘ನೀನು’ ಎನ್ನುತ್ತಾನೆ, ಹೆಂಡತಿ ಗಂಡನಿಗೆ ‘ನೀವು’ ಎನ್ನುತ್ತಾಳೆ. ‘ಬಾ’ ಎಂಬುದಕ್ಕೂ ‘ಬನ್ನಿ’ ಎಂಬುದಕ್ಕೂ ನಡುವೆ ಒಂದು ಸಂಸಾರವೇ ಇದೆ. ಇಂಗ್ಲಿಷಿನ ‘ಯೂ’ ಇದನ್ನೆಲ್ಲ ಸಮತಟ್ಟಾಗಿಸುತ್ತದೆ.

ಈ ನಷ್ಟವೇ ಬೋಧನೆಯ ಲಾಭವಾಗಬಹುದು. ಮರಾಠಿ, ಹಿಂದಿ, ತಮಿಳು, ತೆಲುಗು ವಿದ್ಯಾರ್ಥಿಗಳ ಮನೆಮಾತಿನಲ್ಲಿಯೂ ಈ ಬಗೆಯ ಭೇದಗಳಿವೆ. ಅಪ್ಪಣ್ಣನ ಹಗಲಿನ ‘ಯೂ’ವನ್ನೂ ನಾಗನ ರಾತ್ರಿಯ ‘ಯೂ’ವನ್ನೂ ತಮ್ಮ ಭಾಷೆಯಲ್ಲಿ ಹೇಗೆ ಹೇಳುವಿರೆಂದು ಅವರನ್ನು ಕೇಳಬೇಕು. ಅನಂತರ ಅದೇ ದೃಶ್ಯಗಳನ್ನು ಇಂಗ್ಲಿಷಿನಲ್ಲಿ ಆಡಿಸಬೇಕು. ಸರ್ವನಾಮ ಹೊರಲಾರದ ಭಾರವನ್ನು ಇಂಗ್ಲಿಷ್ ಯಾವುದರ ಮೇಲೆ ಹೊರಿಸುತ್ತದೆ? ಧ್ವನಿಯ ಏರಿಳಿತ, ಪದಗಳ ಆಯ್ಕೆ, ವಿನಂತಿಯ ವಾಕ್ಯರೂಪ, ಮಾತಿನ ನಡುವಣ ಮೌನ ಇವುಗಳ ಮೇಲೆ ಎಂಬುದನ್ನು ಅವರು ಆಡುತ್ತ ಕಂಡುಕೊಳ್ಳುತ್ತಾರೆ. ಪ್ರಮಾಣದ ದೃಶ್ಯವನ್ನು ಓದಿಸುವ ಮುನ್ನ, ರಾಣಿ ಸುಳ್ಳಾಡದೆ ಪಾರಾಗಲು ಏನು ಹೇಳಬಹುದೆಂದು ತರಗತಿಯೇ ಯೋಚಿಸಲಿ. ಪ್ರಭು ಅವರು ಬಯಸಿದ ತರ್ಕದ ಸಮಸ್ಯೆ ಇದರಲ್ಲಿಯೂ ಇದೆ. ಇಲ್ಲಿ ಪಣಕ್ಕಿಟ್ಟಿರುವುದು ಒಂದು ಜೀವ.

ಸಾಹಿತ್ಯವನ್ನು ಭಾಷೆಯ ಉಪಕರಣವಾಗಿಸಿದರೆ ಅದರ ಘನತೆ ಕುಂದದೇ ಎಂಬ ಆಕ್ಷೇಪ ಏಳಬಹುದು. ವಾಕ್ಯಗಳನ್ನು ಕಿತ್ತು ವ್ಯಾಕರಣದ ಅಭ್ಯಾಸ ಮಾಡಿಸಿದರೆ ಕುಂದುತ್ತದೆ, ನಿಜ. ಆದರೆ ಯಾರು ಯಾರಿಗೆ, ಯಾವ ಅಧಿಕಾರದಿಂದ, ಏನನ್ನು ಮುಚ್ಚಿಟ್ಟು ಮಾತಾಡುತ್ತಾರೆ ಎಂದು ಕೇಳುವುದು ನಾಟಕ ವಿಮರ್ಶೆಯ ಮೊದಲ ಪ್ರಶ್ನೆಯೂ ಹೌದು, ಭಾಷಾಕಲಿಕೆಯ ಕೊನೆಯ ಗುರಿಯೂ ಹೌದು. ಆರಂಭದಲ್ಲಿ ಎತ್ತಿದ ಎರಡು ಪ್ರಶ್ನೆಗಳು ಒಂದೇ ಎಂದದ್ದು ಈ ಕಾರಣಕ್ಕೆ.

ಇದರಿಂದ ಹೊರನಾಡಿನ ಕನ್ನಡ ಸಂಶೋಧಕರಿಗೆ ಒಂದು ಕರ್ತವ್ಯ ಒದಗುತ್ತದೆ. ನಮ್ಮ ಪೀಠಗಳು ಕನ್ನಡ ಬಲ್ಲ ಕೆಲವರಿಗೆ ಕನ್ನಡ ಸಾಹಿತ್ಯ ಹೇಳುವುದರಲ್ಲಿ ತೃಪ್ತವಾಗಬಾರದು. ಪಕ್ಕದ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ನಾಟಕವೊಂದನ್ನು ಓದುತ್ತಿರುವಾಗ, ಅದರ ಕನ್ನಡವನ್ನು ಗಟ್ಟಿಯಾಗಿ ಓದಿ ಕೇಳಿಸುವ, ಹೆಸರು ಸಂಬೋಧನೆಗಳ ಪದರಗಳನ್ನು ಬಿಡಿಸಿಡುವ ಕೆಲಸಕ್ಕೆ ಅಲ್ಲಿ ಬೇರೆ ಯಾರೂ ಇಲ್ಲ. ‘ನಾಗಮಂಡಲ’ದ ಚೌಕಟ್ಟಿನಲ್ಲಿ, ಹೇಳದೆ ಮುಚ್ಚಿಟ್ಟ ಕಥೆ ಮುದುಕಿಯಿಂದ ತಪ್ಪಿಸಿಕೊಂಡು ಹೆಣ್ಣಾಗಿ ಬಂದು, ಕೇಳುವವರನ್ನು ಹುಡುಕುತ್ತದೆ. ಕೇಳಿದವನು ಮತ್ತೊಬ್ಬರಿಗೆ ಹೇಳಲೇಬೇಕು ಎಂಬುದು ಅದರ ಕರಾರು. ಆ ಕರಾರು ನಮಗೂ ಅನ್ವಯಿಸುತ್ತದೆ ಎಂದು ನಾವು ಭಾವಿಸುತ್ತೇವೆ.