ಹೆದರಿಸಲಾರದ ಪ್ರೇತ



ಬಾರ್ಕೂರಿನ ಮಕ್ಕಳಿಗೆ ಭೂತದ ಕಥೆ ಹೊಸದಲ್ಲ. ಕುಂಡೋದರನೆಂಬ ಭೂತವು ದೇವಪಾಂಡ್ಯನ ಹಡಗುಗಳನ್ನು ತಡೆದು ನರಬಲಿ ಕೇಳಿದ್ದು, ಮಡದಿ ತನ್ನ ಮಕ್ಕಳನ್ನು ಕೊಡಲೊಪ್ಪದಿದ್ದಾಗ ಸಹೋದರಿಯು ತನ್ನ ಮಗನನ್ನು ಒಪ್ಪಿಸಿದ್ದು, ಭೂತವು ಆ ಬಾಲಕನನ್ನು ಕೊಲ್ಲದೆ ಬಾರ್ಕೂರಿನ ಅರಸನನ್ನಾಗಿಸಿದ್ದು: ಅಳಿಯಸಂತಾನಕ್ಕೆ ಮೂಲವೆನ್ನುವ ಈ ಐತಿಹ್ಯವನ್ನು ಕೇಳದವರು ಕಡಿಮೆ. ಆದುದರಿಂದ ಆಸ್ಕರ್ ವೈಲ್ಡ್‌ನ ‘ದಿ ಕ್ಯಾಂಟರ್‌ವಿಲ್ ಘೋಸ್ಟ್’ (1887) ಎಂಬ ಕಿರುಕಾದಂಬರಿಯನ್ನು ಮನೆಯಲ್ಲಿ ಓದಿ ಹೇಳುವಾಗ ‘ಘೋಸ್ಟ್’ ಶಬ್ದವನ್ನು ‘ಭೂತ’ ಎನ್ನಬೇಡಿ. ನೆರೆಹೊರೆಯವರು ಕೋಲ ಕೊಟ್ಟು ನಂಬುವ ದೈವ ಬೇರೆ, ಸತ್ತೂ ಶಾಂತಿ ಕಾಣದೆ ಅಲೆಯುವ ಮನುಷ್ಯ ಬೇರೆ. ವೈಲ್ಡ್ ಬರೆದದ್ದು ಪ್ರೇತದ ಕಥೆ.

ಇಂಥ ಪುಸ್ತಕವನ್ನು ಮಕ್ಕಳ ಕೈಗೆ ಕೊಡಬಹುದೇ ಎಂದು ಕೇಳುವ ತಾಯಂದಿರಿದ್ದಾರೆ. ಇದನ್ನು ಕೊಡಬಹುದೆಂದೇ ನನ್ನ ಮತ.

ಇಂಗ್ಲೆಂಡಿನ ಹಳೆಯ ಸೌಧವೊಂದನ್ನು ಕೊಂಡ ಅಮೆರಿಕನ್ ರಾಯಭಾರಿಯ ಕುಟುಂಬಕ್ಕೆ ಅಂಜಿಕೆಯೆಂಬುದೇ ಇಲ್ಲ. ನೆಲದ ಮೇಲಿನ ರಕ್ತದ ಕಲೆಯನ್ನು ಹಿರಿಯ ಮಗ ಉಜ್ಜಿ ತೆಗೆಯುತ್ತಾನೆ. ಪ್ರೇತದ ಸರಪಳಿ ಸದ್ದು ಮಾಡಿದರೆ ಯಜಮಾನನು ಎಣ್ಣೆಯ ಶೀಶೆ ನೀಡುತ್ತಾನೆ. ಅವಳಿ ಹುಡುಗರು ದಿಂಬು ಎಸೆಯುತ್ತಾರೆ. ಪಾಪ, ಪ್ರೇತವು ಕಲೆಯನ್ನು ಮತ್ತೆ ಬಳಿಯಲು ಮನೆಮಗಳ ಬಣ್ಣಗಳನ್ನೇ ಕದಿಯುತ್ತದೆ. ಕೆಂಪು ಮುಗಿದಾಗ ಹಸಿರು!

ನಗು ನಿಲ್ಲುವುದು ಆ ಮನೆಮಗಳು, 15 ವರ್ಷದ ವರ್ಜೀನಿಯಾ, ಕಿಟಕಿಯ ಬಳಿ ಸೋತು ಕುಳಿತ ಸರ್ ಸೈಮನ್‌ನ ಪ್ರೇತವನ್ನು ಕಂಡಾಗ. ಮುನ್ನೂರು ವರ್ಷಗಳಿಂದ ಅವನಿಗೆ ನಿದ್ರೆಯಿಲ್ಲ. ಅಳಲು ಕಣ್ಣೀರಿಲ್ಲ, ಪ್ರಾರ್ಥಿಸಲು ವಿಶ್ವಾಸವಿಲ್ಲ. ಅವನ ಪರವಾಗಿ ಅವಳು ಎರಡನ್ನೂ ಮಾಡಬೇಕು. ಕುಂಡೋದರನ ಕಥೆಯ ಬಾಲಕನನ್ನು ಹಿರಿಯರು ಒಪ್ಪಿಸಿದರು; ಇವಳು ತಾನಾಗಿಯೇ ಎದ್ದು ಹೋಗುತ್ತಾಳೆ. ನವೆಂಬರ್ 2ರಂದು ಸಮಾಧಿಗಳ ಬಳಿ ಮೊಂಬತ್ತಿ ಹಚ್ಚುವ ನಮ್ಮ ಮಕ್ಕಳಿಗೆ ಇದು ತಿಳಿಯದ ಮಾತಲ್ಲ. ಆ ರಾತ್ರಿ ಅವಳು ಕಂಡದ್ದೇನೆಂದು ಲೇಖಕನು ಕೊನೆಗೂ ಹೇಳುವುದಿಲ್ಲ. ಮಕ್ಕಳು ಸಿಡುಕಿಯಾರು. ಪಾಪನಿವೇದನೆ ಕೇಳುವ ನನ್ನಂಥವನಿಗೆ ಮಾತ್ರ ಆ ಮೌನ ಸರಿಯೆನಿಸಿತು.

ಒಂದೆಡೆ ಮಾತ್ರ ನನ್ನ ತಕರಾರಿದೆ. ಸೈಮನ್ 1575ರಲ್ಲಿ ಕೊಂದದ್ದು ತನ್ನ ಪತ್ನಿ ಎಲಿನೋರಳನ್ನು. ಅವಳು ಚೆಲುವೆಯಲ್ಲ, ಉಡುಪಿಗೆ ಸರಿಯಾಗಿ ಗಂಜಿ ಹಾಕಿಸುತ್ತಿರಲಿಲ್ಲ, ಅಡುಗೆ ಬಾರದು ಎಂಬುದು ಅವನ ನೆಪ. ಕೊಲ್ಲುವುದು ತಪ್ಪೆಂದು ವರ್ಜೀನಿಯಾ ಹೇಳುತ್ತಾಳೆ, ನಿಜ. ಆದರೆ ಲೇಖಕನು ಅದನ್ನೂ ವಿನೋದವಾಗಿಸಿ ಮುಂದೆ ಸಾಗುತ್ತಾನೆ. ಕೊಂದವನಿಗೆ ಕ್ಷಮೆಯಿರಲಿ, ನಾನು ಬೇಡವೆನ್ನೆ. ಸೈಮನ್‌ನ ಶವಪೆಟ್ಟಿಗೆಯ ಮೇಲೆ ವರ್ಜೀನಿಯಾ ಬಾದಾಮಿ ಹೂಗಳ ಶಿಲುಬೆ ಇಡುತ್ತಾಳೆ. ಎಲಿನೋರಳ ಸಮಾಧಿ ಎಲ್ಲಿದೆಯೆಂದು ಪುಸ್ತಕದಲ್ಲಿ ಯಾರೂ ಕೇಳುವುದಿಲ್ಲ.